ಕಲಿಯೋದಕ್ಕ ಸರಿಯಾದ ವ್ಯಾಳ್ಯಾ ಯಾವದು, ಯಾರರೆ ಹೇಳ್ರಿ

ಮೊನ್ನೆ ಶುಕ್ರವಾರ ಅರಿಷಿಣ-ಕುಂಕುಮಕ್ಕಂತ ಬಂದವರು ಅಡಿಗಿಮನಿ ಕಟ್ಟಿಮ್ಯಾಲಿದ್ದ ನನ್ನ ನೋಟ್‌ಬುಕ್ ನೋಡಿ, "ಇದೇನ್ರಿ ವೈನಿ, ಇರುವಿ ಹರದಾಡಿಧಂಗ ಬರದೀರಿ?" ಅಂತ ನಕ್ಕರು. ಶಾರ್ಟ್‌ಹ್ಯಾಂಡ್ ಅಂದೆ. ತಗೋರಿ, ಶುರುವಾತು. "ಈ ವಯಸ್ಸಿನಾಗ ನೌಕರಿ ಮಾಡವರೇನು?" "ಫೋನಿಗೆ ಮಾತಾಡಿದ್ರ ಅದಽ ಬರಕೋತದಲ್ಲ!" "ಅದರ ಬದಲಿ ಕಸೂತಿ ಹಾಕ್ರಿ, ಒಂದು ಸೀರಿಯರೆ ಆಗತದ." ಅವತ್ತು ಚಹಾ ಕೊಟ್ಟು ಸುಮ್ಮನಾದೆ. ಇವತ್ತು ಸುಮ್ಮನಿರಂಗಿಲ್ಲ, ಒಂದೊಂದಕ್ಕೂ ಉತ್ತರ ಕೊಡತೀನಿ.

ಮೊದಲ ಅದೇನಂತ ತಿಳಕೋರಿ. ಇಂಗ್ಲಂಡಿನ ಐಸಾಕ್ ಪಿಟ್‌ಮನ್ 1837ರಾಗ ಈ ಪದ್ಧತಿಯ ಪುಸ್ತಕ ಅಚ್ಚು ಹಾಕಿಸಿದ. ಸ್ಪೆಲಿಂಗ್ ಬಿಡ್ರಿ, ಕಿವಿಗೆ ಕೇಳಿದ್ದನ್ನ ಬರೀರಿ, ಇಷ್ಟಽ ಅದರ ಮೂಲ. ಎಡದಿಂದ ಬಲಕ್ಕ ಇಳಿಯೋ ತೆಳು ಗೀಟು 'ಪ', ಅದನ್ನಽ ಒತ್ತಿ ದಪ್ಪ ಮಾಡಿದ್ರ 'ಬ'. ಅಡ್ಡ ಗೀಟು ತೆಳು ಇದ್ರ 'ಕ', ದಪ್ಪ ಇದ್ರ 'ಗ'. ಚ-ಜ, ಟ-ಡ ಹಂಗಽ. ನಮ್ಮ ವರ್ಣಮಾಲಿಯೊಳಗೂ ಇವು ಒಂದಽ ಸಾಲಿನಾಗ ಕೂತಿಲ್ಲೇನು? ಸ್ವರಕ್ಕ ಚುಕ್ಕಿ, ಸಣ್ಣ ಗೀಟು. ದಿನಾ ಮುಂಜಾನೆ ಚುಕ್ಕಿ ಇಟ್ಟು ರಂಗೋಲಿ ಎಳೆಯೋ ಕೈಗೆ ಇದೇನು ದೊಡ್ಡ ವಿದ್ಯಾ? ಒಂದು ಗೀಟಿನ ನೋಟ್‌ಬುಕ್ಕು, ಒಂದು ಪೆನ್ಸಿಲ್ಲು, ದಿನಾ ಅರ್ಧ ತಾಸು. ಬ್ಯಾಳಿ ಬೇಯೋದ್ರಾಗ ಒಂದು ಪಾಠ ತಿದ್ದಬಹುದು.

ಇನ್ನ ನೌಕರಿ ಮಾತು. ನೌಕರಿನಽ ಬೇಕಂದ್ರ ನಿಮ್ಮ ಮಕ್ಕಳಿಗೆ ಹೇಳ್ರಿ. ನಮ್ಮ ರಾಜ್ಯದಾಗ ಕನ್ನಡ ಶೀಘ್ರಲಿಪಿಗೂ ಪರೀಕ್ಷಾ ನಡೀತಾವ. ಕೇಂದ್ರ ಸರಕಾರದ ಸ್ಟೆನೋ ಕೆಲಸಕ್ಕ ನಿಮಿಷಕ್ಕ 80 ಶಬ್ದ, ಮ್ಯಾಲಿನ ದರ್ಜೆಗೆ 100. ನಂದು ಇನ್ನೂ 30 ದಾಟಿಲ್ಲ, ದಾಟೋ ಗಡಿಬಿಡಿನೂ ಇಲ್ಲ. ಗಂಡಸರು ಪೇಪರಿನಾಗ ಸುಡೊಕು ಬಿಡಿಸಿದ್ರ "ತಲಿಗೆ ಕಸರತ್ತು" ಅಂತೀರಿ. ನಾ ಗೀಟು ತಿದ್ದಿದ್ರ "ಏನ ಉಪಯೋಗ" ಅಂತೀರಿ. ಪಿಯುಸಿ ಮುಗಿಸಿ ಟೈಪಿಂಗ್ ಕ್ಲಾಸಿಗೆ ಹೋಗತಿದ್ದೆ, ಶಾರ್ಟ್‌ಹ್ಯಾಂಡಿಗೂ ಹೆಸರು ಹಚ್ಚಿದ್ದೆ. ಲಗ್ನ ಗೊತ್ತಾತು, "ಇನ್ನ ಅದ್ಯಾಕ" ಅಂತ ಬಿಡಿಸಿದ್ರು. ಅವಾಗ "ಇನ್ನ ಯಾಕ", ಈಗ "ಈಗ್ಯಾಕ". ನಡುವಿನ ಮೂವತ್ತು ವರ್ಷದಾಗ ಸರಿಯಾದ ವ್ಯಾಳ್ಯಾ ಯಾವಾಗ ಇತ್ತು?

ಫೋನು. ಖರೆ, ಅದು ಒಂದು ಮಾತೂ ಬಿಡಂಗಿಲ್ಲ. ಆದ್ರ ಒಂದು ತಾಸು ರೆಕಾರ್ಡ್ ಮಾಡಿದ್ದನ್ನ ಕೇಳಲಿಕ್ಕೂ ಒಂದು ತಾಸು ಬೇಕು. ಅತ್ತಿಯವರನ್ನ ದವಾಖಾನಿಗೆ ಕರಕೊಂಡು ಹೋದಾಗ ಡಾಕ್ಟರು ಐದು ಗುಳಿಗಿ ಹೇಳಿದ್ರು: ಯಾವದು ಊಟಕ್ಕ ಮೊದಲ, ಯಾವದು ಆಮ್ಯಾಲೆ, ಹಳೇದ್ರಾಗ ಯಾವದು ಬಂದ್ ಮಾಡೋದು. ಮಗ ಫೋನಿನಾಗ ಹಿಡಕೊಂಡ. ಇವತ್ತಿನ ತನಕ ಯಾರೂ ಹಚ್ಚಿ ಕೇಳಿಲ್ಲ. ನಾ ಮನಿಗೆ ಬಂದ ಕೂಡಲೆ ನನ್ನ ಗೀಟು ಓದಿ, ಕನ್ನಡದಾಗ ಇಳಿಸಿ ಫ್ರಿಜ್ಜಿಗೆ ಹಚ್ಚಿದೆ. ಬಂದ್ ಮಾಡಬೇಕಾದ ಗುಳಿಗಿ ಡಬ್ಬಿಯೊಳಗಽ ಇತ್ತು. ರಾತ್ರಿ ಊಟದಕಿಂತ ಮೊದಲ ತಗದೆ. ಇದಕ್ಕಿಂತ ಹೆಚ್ಚಿನ ಉಪಯೋಗ ಏನ ಬೇಕು ನಿಮಗ?

ಮತ್ತ ನನ್ನ ಫೋನಿಗೆ ನಮ್ಮ ಮಾತಽ ತಿಳಿಯಂಗಿಲ್ಲ. "ಬರಲಿಕ್ಕೆ ಹತ್ಯಾರ" ಅಂದ್ರ ಏನೇನೋ ಬರೀತದ. ನನ್ನ ಗೀಟಿನಾಗ 'ಹತ್ಯಾರ' ಅನ್ನೋದು 'ಹತ್ಯಾರ'ನಽ ಇರತದ. ನಾ ಕಲಿಯೋದು ಇಂಗ್ಲಿಷ್ ಪಿಟ್‌ಮನ್, ಅದರಾಗ 'ಳ' ಇಲ್ಲ. 'ಲ'ಕ್ಕ ಒಂದು ಸಣ್ಣ ಗುರ್ತು ಹಚ್ಚಿ ನಂದಽ ಒಂದು 'ಳ' ಮಾಡಿಕೊಂಡೀನಿ.

ತಪ್ಪು ಆಗಂಗಿಲ್ಲ ಅಂತ ಹೇಳಂಗಿಲ್ಲ. ಲಗೂ ಬರಿಯೋವಾಗ ಸ್ವರ ಬಿಡತೀವಿ, ಆವಾಗ ಹಾಲು, ಹುಲಿ, ಹೊಲ ಒಂದಽ ಥರಾ ಕಾಣತಾವ. ಒಂದು ವಾರ ಬಿಟ್ಟು ಓದಿ "ಹುಲಿ ಕಾಸಿ ಹೆಪ್ಪ ಹಾಕಬೇಕು" ಅಂದಾಕಿ ನಾನಽ. ಅದಕ್ಕ ಬೇಕಾದ್ದನ್ನ ಅವತ್ತಽ ಇಳಿಸಿಕೋಬೇಕು.

ಕಡೀಕ ಕಸೂತಿ. ಕಸೂತಿಗೆ ನಾ ವೈರಿ ಅಲ್ಲ, ನನ್ನ ಟ್ರಂಕಿನಾಗ ನಾನಽ ಹಾಕಿದ್ದು ಎರಡು ಸೀರಿ ಅವ. ಆದ್ರ ಕಸೂತಿ ಮಂದಿ ನೋಡಲಿ ಅಂತ. ಇದು ಯಾರೂ ಓದಬಾರದು ಅಂತ. ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ 1660ರಿಂದ 1669ರ ತನಕ ತನ್ನ ದಿನಚರಿ ಹಳೇ ಪದ್ಧತಿಯ ಶಾರ್ಟ್‌ಹ್ಯಾಂಡಿನಾಗಽ ಬರದ. ಅದು ಮೊದಲ ಅಚ್ಚಾಗಿದ್ದು 1825ರಾಗ. ಅಷ್ಟು ದೊಡ್ಡ ಮನಷ್ಯಾಗ ತನ್ನ ಮನಸ್ಸು ಮುಚ್ಚಿಡೋ ಹಕ್ಕಿತ್ತು, ನಮಗ್ಯಾಕಿರಬಾರದು? ನಮ್ಮ ಕಪಾಟಿನ ಕೀಲಿ ಎಲ್ಲಾರ ಕೈಯಾಗ, ಫೋನಿನ ಪಾಸ್‌ವರ್ಡ್ ಎಲ್ಲಾರ ಬಾಯಾಗ. ಈ ನೋಟ್‌ಬುಕ್ ಮಾತ್ರ ಕಟ್ಟಿಮ್ಯಾಲೆ ತಗದಿಟ್ರೂ ನಂದಽ. ಅವತ್ತು ನೀವು ನಕ್ಕ ಹಾಳಿಮ್ಯಾಲೆ ಏನ ಬರದಿದ್ದೆ ಅಂತ ನಿಮಗ ಗೊತ್ತಾತೇನು?

ತಿಳಕೋಬೇಕಂದ್ರ ಬರೋ ಶುಕ್ರವಾರ ಪೆನ್ಸಿಲ್ ತಗೊಂಡು ಬರ್ರಿ. 'ಪ'-'ಬ'ದಿಂದ ಶುರು ಮಾಡೋಣು.