ತಟ್ಟೆಯ ಅಂಚಿಗೆ ಸರಿಸಿದ ಬೇಳೆ

ಮಕ್ಕಳೇ, ಸಸ್ಯಾಹಾರ ಆರೋಗ್ಯಕ್ಕೆ ಒಳ್ಳೆಯದು ಎಂಬ ಮಾತನ್ನು ನೀವು ಎಷ್ಟೋ ಸಲ ಕೇಳಿರುತ್ತೀರಿ. ಒಳ್ಳೆಯದೇ, ಅನುಮಾನವಿಲ್ಲ. ಕಾಳು, ಸೊಪ್ಪು, ತರಕಾರಿ, ಹಣ್ಣು ಧಾರಾಳವಾಗಿ ತಿನ್ನುವವರಲ್ಲಿ ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ ಕಡಿಮೆ. ಅವುಗಳಲ್ಲಿರುವ ನಾರು ಹೊಟ್ಟೆಯನ್ನೂ ಸರಿಯಾಗಿಡುತ್ತದೆ. ಆದರೆ ಆಲೂ ಚಿಪ್ಸು, ಬಣ್ಣದ ಮಿಠಾಯಿ, ಕೂಲ್ ಡ್ರಿಂಕ್ಸ್ ಕೂಡ ಸಸ್ಯಾಹಾರವೇ ಅಲ್ಲವೇ? ಮಾಂಸವಿಲ್ಲ ಎಂದ ಮಾತ್ರಕ್ಕೆ ಊಟ ಪುಷ್ಟಿಕರವಾಗುವುದಿಲ್ಲ. ತಟ್ಟೆಯಲ್ಲಿ ಏನಿದೆ ಎಂಬುದನ್ನೂ ನೋಡಬೇಕು.

ನಿಮ್ಮ ಶಾಲೆಯ ಬಿಸಿಯೂಟವನ್ನೇ ನೋಡೋಣ. 2022ರಲ್ಲಿ ನಮ್ಮ ರಾಜ್ಯದ ಎಲ್ಲ ಜಿಲ್ಲೆಗಳ ಸರ್ಕಾರಿ ಶಾಲೆಗಳಿಗೂ ಮೊಟ್ಟೆ ಬಂತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಯಾವುದು ಬೇಕು ಎಂಬುದು ನಿಮ್ಮ, ನಿಮ್ಮ ಮನೆಯವರ ಇಷ್ಟ. ಪಕ್ಕದವರ ತಟ್ಟೆ ನೋಡಿ ಮುಖ ಸಿಂಡರಿಸುವುದು ಮಾತ್ರ ಸಲ್ಲದು.

ಆದರೆ ಲೆಕ್ಕ ಗೊತ್ತಿರಲಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಬಾಳೆಹಣ್ಣಿನಲ್ಲಿ ಸುಮಾರು 1 ಗ್ರಾಂ. ಉಳಿದ 5 ಗ್ರಾಂ ಎಲ್ಲಿಂದ ಬರಬೇಕು? 6ರಿಂದ 8ನೇ ತರಗತಿಯ ಒಬ್ಬ ವಿದ್ಯಾರ್ಥಿಗೆ ಬಿಸಿಯೂಟದಲ್ಲಿ ದಿನಕ್ಕೆ 30 ಗ್ರಾಂ ಬೇಳೆ ಎಂದು ನಿಗದಿಯಾಗಿದೆ. ಅಷ್ಟು ತೊಗರಿಬೇಳೆಯಲ್ಲಿ 6 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಇರುತ್ತದೆ. ಹಾಗಾದರೆ ಸಾಂಬಾರಿನ ನೀರನ್ನು ಅನ್ನಕ್ಕೆ ಕಲಸಿಕೊಂಡು ಬೇಳೆ, ತರಕಾರಿಯನ್ನು ತಟ್ಟೆಯ ಅಂಚಿಗೆ ಸರಿಸುವವರು ಏನನ್ನು ಚೆಲ್ಲುತ್ತಿದ್ದಾರೆ, ನೀವೇ ಹೇಳಿ! ನನಗಂತೂ ಊಟದ ನಂತರ ಕೈತೊಳೆಯುವ ಜಾಗ ನೋಡಿದರೆ ಬೇಸರವಾಗುತ್ತದೆ.

ಹಾಲನ್ನೂ ಬಿಡಬೇಡಿ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯ 150 ಮಿಲಿಲೀಟರ್ ಹಾಲಿನಲ್ಲಿ ಸುಮಾರು 5 ಗ್ರಾಂ ಪ್ರೋಟೀನ್ ಇದೆ. ಜೊತೆಗೆ ಬಿ-12 ಜೀವಸತ್ವವೂ ಇದೆ. ಇದನ್ನು ತಯಾರಿಸುವುದು ಸೂಕ್ಷ್ಮಜೀವಿಗಳು. ಸೊಪ್ಪು, ಕಾಳುಗಳಲ್ಲಿ ಇದು ಸಿಗುವುದಿಲ್ಲ. ಮೊಟ್ಟೆ, ಮಾಂಸ ತಿನ್ನದವರಿಗೆ ಹಾಲು ಮೊಸರೇ ದಾರಿ.

ನಮ್ಮ ಹಿರಿಯರು ಈ ಲೆಕ್ಕ ಹಾಕದೆಯೇ ಸರಿಯಾಗಿ ಉಣ್ಣುತ್ತಿದ್ದರು. ತಲಘಟ್ಟಪುರಕ್ಕೆ 2021ರಲ್ಲಿ ಮೆಟ್ರೋ ಬಂತು, ಬಡಾವಣೆಗಳು ಬೆಳೆದವು. ಆದರೆ ಕನಕಪುರ ರಸ್ತೆಯಲ್ಲಿ ಇನ್ನೂ ಮುಂದಕ್ಕೆ ಹೋದರೆ ರಾಗಿ ಹೊಲಗಳು ಸಿಗುತ್ತವೆ. ರಾಗಿಯ ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು ಹಾಕುವುದು ಈ ಸೀಮೆಯ ಹಳೆಯ ಪದ್ಧತಿ. ಅಕ್ಕಿ, ರಾಗಿಯಂಥ ಧಾನ್ಯಗಳ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಅವರೆ, ತೊಗರಿಯಲ್ಲಿ ಅದು ಹೆಚ್ಚು. ಮುದ್ದೆಗೆ ಅವರೆಕಾಳು ಸಾರು ಸೇರಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ರಾಗಿಯಲ್ಲಿ ಕ್ಯಾಲ್ಸಿಯಂ ಕೂಡ ಹೇರಳ: 100 ಗ್ರಾಂನಲ್ಲಿ 300 ಮಿಲಿಗ್ರಾಂಗೂ ಹೆಚ್ಚು.

ಇನ್ನು ಕಬ್ಬಿಣದ ವಿಷಯ. ಹೆಣ್ಣುಮಕ್ಕಳು ಇದನ್ನು ವಿಶೇಷವಾಗಿ ಗಮನಿಸಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಸೊಪ್ಪು, ಕಾಳುಗಳಲ್ಲಿ ಕಬ್ಬಿಣವಿದ್ದರೂ ಮಾಂಸದ ಕಬ್ಬಿಣದಷ್ಟು ಸುಲಭವಾಗಿ ಅದು ನಮ್ಮ ದೇಹಕ್ಕೆ ಹೀರಿಕೆಯಾಗದು. ಸಿ ಜೀವಸತ್ವ ಜೊತೆಗಿದ್ದರೆ ಹೀರಿಕೆ ಹೆಚ್ಚುತ್ತದೆ. ಆದ್ದರಿಂದ ಸೊಪ್ಪಿನ ಸಾರಿಗೆ ಉಣ್ಣುವಾಗ ನಿಂಬೆರಸ ಹಿಂಡಿಕೊಳ್ಳಿ, ಇಲ್ಲವೇ ಒಂದು ಸೀಬೆಹಣ್ಣು ತಿನ್ನಿ. ಊಟವಾದ ಕೂಡಲೇ ಟೀ ಬೇಡ. ಅದರಲ್ಲಿರುವ ಟ್ಯಾನಿನ್ ಕಬ್ಬಿಣವನ್ನು ತಡೆಯುತ್ತದೆ. ಶಾಲೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನು ಕಿಟಕಿಯಾಚೆ ಎಸೆಯುವ ಜಾಣರೂ ಇದ್ದಾರೆ. ಅವರಿಗೂ ಸ್ವಲ್ಪ ತಿಳಿಹೇಳಿ.

ಶಾಲೆಯ ತಕ್ಕಡಿಯಲ್ಲಿ 30 ಗ್ರಾಂ ತೊಗರಿಬೇಳೆ ತೂಗಿ ಅಂಗೈಯಲ್ಲಿ ಹಿಡಿದು ನೋಡಿ. ಮಧ್ಯಾಹ್ನ ನಿಮ್ಮ ತಟ್ಟೆಗೆ ಅಷ್ಟು ಬಂತೇ? ಬೇಳೆ ಪಾತ್ರೆಯ ತಳಕ್ಕೆ ಇಳಿದಿರುತ್ತದೆ. "ಅಕ್ಕಾ, ಸೌಟು ತಳಕ್ಕೆ ಹಾಕಿ ತಿರುವಿ ಬಡಿಸಿ" ಎಂದು ಕೇಳಲು ಸಂಕೋಚ ಬೇಡ.