ಊರು ಅಗ್ಗವೆಂದರೆ ದುಡಿಮೆಯೂ ಅಗ್ಗವೇ?

“ಇಲ್ಲಿ ಮನೆ ಬಾಡಿಗೆ ಕಡಿಮೆ, ಜೋಳ-ಬೇಳೆ ಅಗ್ಗ, ಆದುದರಿಂದ ಸಂಬಳವೂ ಕಡಿಮೆಯಿರುವುದೇ ನ್ಯಾಯ.” ಮನ್ನಾಏಖೇಳ್ಳಿ, ಹುಮನಾಬಾದ, ಬಸವಕಲ್ಯಾಣಗಳ ಪೇಟೆಯಲ್ಲಿ ನಮ್ಮ ವರ್ತಕ ಬಂಧುಗಳು ಈ ಮಾತನ್ನು ಸಿದ್ಧಾಂತವೆಂಬಂತೆ ನುಡಿಯುತ್ತಾರೆ. ನನ್ನ ಅಂಗಡಿಯ ಗುಮಾಸ್ತನಿಗೆ ನಾನೂ ಹಲವು ವರ್ಷ ಇದೇ ಉತ್ತರ ಕೊಟ್ಟವನು. ಆದುದರಿಂದ ಈ ಖಂಡನೆ ಮೊದಲು ನನಗೇ ಸಲ್ಲತಕ್ಕದ್ದು.

ಬಾಡಿಗೆ ಕಡಿಮೆಯೆಂಬುದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಸಂಸಾರವು ಬಾಡಿಗೆಯೊಂದರಿಂದಲೇ ನಡೆಯುವುದಿಲ್ಲ. ಎಣ್ಣೆಯ ಪೊಟ್ಟಣ, ಸಾಬೂನು, ಔಷಧದ ಸೀಸೆ ಇವುಗಳ ಮೇಲೆ ಮುದ್ರಿತವಾದ ಗರಿಷ್ಠ ಬೆಲೆ ಬೆಂಗಳೂರಿನಲ್ಲಿಯೂ ಇಲ್ಲಿಯೂ ಒಂದೇ. ಅಡುಗೆ ಅನಿಲದ ಸಿಲಿಂಡರು ಹಳ್ಳಿಯೆಂದು ಅಗ್ಗವಾಗುವುದಿಲ್ಲ. ದೊಡ್ಡ ಕಾಯಿಲೆ ಬಂದರೆ ಕಲಬುರಗಿ, ಸೋಲಾಪುರ ಅಥವಾ ಹೈದರಾಬಾದಿಗೆ ಓಡಬೇಕು. ಅಲ್ಲಿ ನಗರದ ದರವನ್ನೇ ತೆತ್ತು, ಮೇಲೆ ಬಸ್ಸಿನ ಖರ್ಚನ್ನೂ ಹೊರಬೇಕು. ಮಕ್ಕಳ ಉಚ್ಚ ಶಿಕ್ಷಣದ ಕಥೆಯೂ ಇದೇ.

ಹಾಗಾದರೆ ನ್ಯಾಯವಾದ ಅಂತರವೆಷ್ಟು? ಕೇಂದ್ರ ಸರ್ಕಾರದ ಪದ್ಧತಿಯನ್ನು ನೋಡೋಣ. ಬೀದರಿನ ನೌಕರನಿಗೂ ಬೆಂಗಳೂರಿನ ನೌಕರನಿಗೂ ಒಂದೇ ಹುದ್ದೆಗೆ ಮೂಲವೇತನ ಒಂದೇ, ತುಟ್ಟಿಭತ್ಯೆಯ ದರವೂ ಒಂದೇ. ಮುಖ್ಯವಾಗಿ ಬೇರೆಯಾಗುವುದು ಮನೆ ಬಾಡಿಗೆ ಭತ್ಯೆ. 2024ರ ಜನವರಿಯಿಂದ ಬೆಂಗಳೂರು, ಹೈದರಾಬಾದಿನಂಥ ಮಹಾನಗರಗಳಿಗೆ ಮೂಲವೇತನದ ಶೇಕಡಾ 30, ಕಲಬುರಗಿಯಂಥ ನಗರಗಳಿಗೆ 20, ಬೀದರಿನಂಥ ಊರುಗಳಿಗೆ 10 ಎಂದು ನಿಗದಿಯಾಯಿತು. ಆಗಿನ ಕನಿಷ್ಠ ಮೂಲವೇತನ 18,000 ರೂಪಾಯಿ. ಶೇಕಡಾ 50ರ ತುಟ್ಟಿಭತ್ಯೆ ಸೇರಿ 27,000. ಇದಕ್ಕೆ ಬೆಂಗಳೂರಿನಲ್ಲಿ 5,400, ಬೀದರಿನಲ್ಲಿ 1,800 ರೂಪಾಯಿ ಬಾಡಿಗೆ ಭತ್ಯೆ. ಅಂದರೆ 32,400 ಮತ್ತು 28,800. ಪ್ರಯಾಣಭತ್ಯೆಯನ್ನು ಬದಿಗಿಟ್ಟರೆ ಅಂತರವು ಒಂಬತ್ತರಲ್ಲಿ ಒಂದು ಪಾಲು ಮಾತ್ರ. “ಹಳ್ಳಿಯಲ್ಲವೇ” ಎಂದು ಅರ್ಧ ಸಂಬಳ ಕೊಡುವ ನಾವು ಉಳಿದ ಪಾಲನ್ನು ಯಾವ ಖಾತೆಗೆ ಬರೆದುಕೊಳ್ಳುತ್ತಿದ್ದೇವೆ?

“ಇಲ್ಲಿ ವ್ಯಾಪಾರವೇ ಕಡಿಮೆ, ಎಲ್ಲಿಂದ ಕೊಡುವುದು?” ಎಂಬ ಆಕ್ಷೇಪವುಂಟು. ಅದು ಪ್ರಾಮಾಣಿಕವಾಗಿದ್ದರೆ ಗೌರವಾರ್ಹವೇ. ಹಾಗಿದ್ದಲ್ಲಿ “ನನ್ನಿಂದ ಆಗದು” ಎಂದು ಲೆಕ್ಕ ತೋರಿಸಿ ಹೇಳೋಣ. “ನಿನಗೆ ಇಷ್ಟು ಸಾಕು” ಎನ್ನುವುದು ಬೇಡ. ತೊಗರಿ ಮಾರುವಾಗ ಕಲಬುರಗಿ ಪೇಟೆಯ ದರವನ್ನು ವಿಚಾರಿಸುವ ನಾವು, ಆ ತೊಗರಿಯನ್ನು ತೂಗಿ ಮೂಟೆ ಕಟ್ಟಿದವನಿಗೆ ಮಾತ್ರ ಹಳ್ಳಿಯ ದರವನ್ನು ನೆನಪಿಸುತ್ತೇವೆ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಅತಿಚಾರಗಳೊಳಗೆ ಹೀನಾಧಿಕಮಾನೋನ್ಮಾನವನ್ನು ಎಣಿಸಿದ್ದಾರೆ: ಕೊಳ್ಳುವಾಗ ದೊಡ್ಡ ಅಳತೆ, ಕೊಡುವಾಗ ಸಣ್ಣ ಅಳತೆ. ತಕ್ಕಡಿಯಲ್ಲಿ ಈ ದೋಷಕ್ಕೆ ಹೆದರುವ ಶ್ರಾವಕನು ಸಂಬಳದ ದಿನ ಅದನ್ನೇ ಮಾಡಿದರೆ ವ್ರತವು ಉಳಿಯಿತೆ? ಅದೇ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಅತಿಚಾರಗಳಾಗಿ ಅತಿಭಾರಾರೋಪಣ, ಅನ್ನಪಾನನಿರೋಧಗಳೂ ಬಂದಿವೆ. ಎತ್ತಿನ ಮೇಲೆ ಹೆಚ್ಚು ಭಾರ ಹೇರಲು ಅಂಜುವ ನಾವು ಗುಮಾಸ್ತನ ಸಂಸಾರದ ಭಾರವನ್ನು ಕಾಣದಿರುವುದು ಯಾವ ದಯೆ? ಹೀಗೆ ಉಳಿಸಿದ ಹಣದಲ್ಲಿ ಬಸದಿಗೆ ದಾನ ಕೊಟ್ಟು ಹೆಸರು ಕೆತ್ತಿಸಿದರೆ ಲೆಕ್ಕ ಚುಕ್ತಾ ಆಗದು.

ಮುಂದಿನ ದೀಪಾವಳಿಗೆ ಹೊಸ ಖಾತೆಯ ಪೂಜೆ ಮಾಡುವಾಗ ಒಂದು ಪುಟವನ್ನು ಬೇರೆ ಇಡೋಣ. ನಮ್ಮಲ್ಲಿ ದುಡಿಯುವವನ ಮನೆಯ ಒಂದು ತಿಂಗಳ ಖರ್ಚನ್ನು ಅವನಿಂದಲೇ ಕೇಳಿ ಬರೆಯೋಣ. ನಗರದಲ್ಲಿ ಆ ಕೆಲಸಕ್ಕಿರುವ ಸಂಬಳದಿಂದ ಬಾಡಿಗೆಯ ಅಂತರವನ್ನಷ್ಟೇ ಕಳೆದು, ಉಳಿದುದನ್ನು ಶಕ್ತ್ಯನುಸಾರ ಕೊಡಲು ಆರಂಭಿಸೋಣ; ವರ್ಷ ವರ್ಷವೂ ಬೆಲೆಯೇರಿದಷ್ಟು ಏರಿಸೋಣ. ಇಲ್ಲವಾದರೆ ಹೆದ್ದಾರಿಯ ಬದಿಯಲ್ಲಿ ಹೈದರಾಬಾದ್ ಬಸ್ಸಿಗೆ ಕಾದು ನಿಂತ ತರುಣನನ್ನು ಕಂಡು, “ಊರಿನ ಮೇಲೆ ಅಭಿಮಾನವಿಲ್ಲ” ಎಂದು ಬೈಯುವ ಅಧಿಕಾರ ನಮಗಿಲ್ಲ.