ನದಿಯ ಪರ ಸಾಕ್ಷಿ ಹೇಳುವ ಕಾಯಕ



ಹಾವೇರಿಯ ಮದುವೆಯೊಂದರಲ್ಲಿ ಬ್ಯಾಡಗಿಯ ನಮ್ಮ ಬೀಗರು ಸಿಕ್ಕಿದ್ದರು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ ಅವರ ಮಗಳಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ನೌಕರಿ ಸೇರುವ ಆಸೆ. "ಇಷ್ಟು ಓದಿ ಗಟಾರದ ನೀರು ಬಾಟ್ಲಿಗೆ ತುಂಬೂದೇನ್ರಿ? ನೀವರ ಆಕಿಗೆ ತಿಳಿಸಿ ಹೇಳ್ರಿ" ಎಂದರು.

ಅವರದು ಮೆಣಸಿನಕಾಯಿ ವ್ಯಾಪಾರ. "ಕಾಯಿಯ ಬಣ್ಣ ಎಷ್ಟೈತಿ ಅಂತ ಲ್ಯಾಬಿನವರು ಹೇಳಿದ್ದು ನಂಬಿ ಲಕ್ಷಗಟ್ಟಲೆ ವ್ಯವಹಾರ ಮಾಡ್ತೀರಿ. ಹೊಳಿ ನೀರಿಗೆ ಅಂಥವರು ಬ್ಯಾಡೇನ್ರಿ ಬೀಗರ?" ಎಂದೆ. ಅವರು ಸುಮ್ಮನಾದರು.

ಜಲ ಮಾಲಿನ್ಯ ಕಾಯ್ದೆ ಬಂದದ್ದು 1974ರಲ್ಲಿ. ಅದೇ ವರ್ಷ ನಮ್ಮ ರಾಜ್ಯದ ಮಂಡಳಿಯೂ ಹುಟ್ಟಿತು. ಆದರೂ 80ರ ದಶಕದಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದ ಬಳಿ ತುಂಗಭದ್ರೆ ಕೆಟ್ಟು ಮೀನು ಸತ್ತವು. ದಂಡೆಯ ಹಳ್ಳಿಗರು ಹೋರಾಟಕ್ಕಿಳಿಯಬೇಕಾಯಿತು. ಕಣ್ಣಾರೆ ಕಂಡದ್ದಷ್ಟೇ ಕಾನೂನಿಗೆ ಸಾಲದು. ಆ ಕಾಯ್ದೆಯ 21ನೇ ಕಲಮಿನಂತೆ ತ್ಯಾಜ್ಯ ನೀರಿನ ಮಾದರಿ ತೆಗೆಯುವಾಗ ಕಾರ್ಖಾನೆಯವರಿಗೆ ನೋಟಿಸು ಕೊಡಬೇಕು, ಮಾದರಿಗೆ ಮೊಹರು ಹಾಕಬೇಕು. ಕ್ರಮ ತಪ್ಪಿದರೆ ವರದಿ ನ್ಯಾಯಾಲಯದಲ್ಲಿ ನಿಲ್ಲದು. ಆಮೇಲೆ ಪ್ರಯೋಗಾಲಯದಲ್ಲಿ 27 ಡಿಗ್ರಿಯಲ್ಲಿ 3 ದಿನ ಇಟ್ಟು, ನೀರಿನೊಳಗಿನ ಆಮ್ಲಜನಕ ಎಷ್ಟು ಕಡಿಮೆಯಾಯಿತೆಂದು ಅಳೆಯಬೇಕು. ನದಿಗೆ ಬಾಯಿಲ್ಲ, ಅದರ ಪರ ಸಾಕ್ಷಿ ಹೇಳುವವರು ಆ ವಿಜ್ಞಾನಿಗಳೇ.

ಇದನ್ನು ನಾನು ಕಲಿತದ್ದು ತಡವಾಗಿ. ಸೇವೆಯಲ್ಲಿದ್ದಾಗ ಒಂದು ಹಳ್ಳಿಯ ಕುಡಿಯುವ ನೀರಿನ ಯೋಜನೆಯಲ್ಲಿ ಪೈಪಿನ ಲೆಕ್ಕವನ್ನು ಮೂರು ಸಲ ತಾಳೆ ನೋಡಿದೆ. ನೀರಿನ ಪರೀಕ್ಷಾ ವರದಿಗೆ ಓದದೆ ಸಹಿ ಹಾಕಿದೆ. ಫ್ಲೋರೈಡ್ ಹೆಚ್ಚಿದೆ ಎಂದು ಅದರಲ್ಲೇ ಬರೆದಿತ್ತು. ಅದು ಗಮನಕ್ಕೆ ಬರುವಷ್ಟರಲ್ಲಿ ಊರ ಮಕ್ಕಳು ಎರಡು ವರ್ಷ ಆ ನೀರು ಕುಡಿದಿದ್ದರು.

ಆದ್ದರಿಂದ ಮೂರು ಮಾತು. ಸರ್ಕಾರ ಪ್ರಯೋಗಾಲಯದ ಹುದ್ದೆಗಳನ್ನು ಗುತ್ತಿಗೆಗೆ ಬಿಡದೆ ಕಾಯಂ ಆಗಿ ತುಂಬಲಿ. ನಮ್ಮ ಮಠಗಳ ಕಾಲೇಜು, ಪ್ರಸಾದ ನಿಲಯಗಳಲ್ಲಿ ಐಎಎಸ್, ಕೆಎಎಸ್ ಜೊತೆಗೆ ವೈಜ್ಞಾನಿಕ ಅಧಿಕಾರಿ, ಪರಿಸರ ಅಧಿಕಾರಿ ಹುದ್ದೆಗಳ ಬಗ್ಗೆಯೂ ಮಕ್ಕಳಿಗೆ ತಿಳಿಸಲಿ. ಮೂರನೆಯದು ಕಹಿ: ಮಾದರಿ ತೆಗೆಯಲು ಅಧಿಕಾರಿ ಬಂದಾಗ ಮಂತ್ರಿಗಳಿಗೆ ಫೋನು ಹಚ್ಚುವವರಲ್ಲಿ ನಮ್ಮವರೂ ಇದ್ದಾರೆ. ಕಾಯಕವೇ ಕೈಲಾಸ ಎನ್ನುತ್ತ ಪ್ರಾಮಾಣಿಕರ ಕಾಯಕಕ್ಕೆ ಅಡ್ಡ ಬರುವುದು ಯಾವ ಶರಣತನ?

ಬೀಗರ ಮಗಳು ಓದಲು ಕುಳಿತಿದ್ದಾಳೆ. ನಾಳೆ ಆಕೆ ನಮ್ಮದೇ ಮಿಲ್ಲಿನ ಬಾಗಿಲಿಗೆ ಬಾಟಲಿ ಹಿಡಿದು ಬಂದರೆ, ಬಾಗಿಲು ತೆರೆಯೋಣ.